ಪೋರ್ಚುಗೀಸ್ ಲೆಕ್ಕದ ಹಾಳೆ ಇಂಗ್ಲಿಷ್‌ಗೆ: 5ಕ್ಕೆ 2 ಸ್ಟಾರ್, ಅದೂ ವೇಗಕ್ಕೆ

ಬ್ರೆಜಿಲ್‌ನ ಪ್ರಾಥಮಿಕ ಶಾಲೆಯ ಲೆಕ್ಕದ ಹಾಳೆಗಳನ್ನು ಇಂಗ್ಲಿಷ್ ಮಾಡಿಸೋಕೆ ಒಂದು ಆನ್‌ಲೈನ್ ಅನುವಾದ ಸೇವೆಗೆ ದುಡ್ಡು ಕಟ್ಟಿದ್ದೆ. ಹೆಸರು ಬೇಡ ಬಿಡಿ. ಪಿಡಿಎಫ್ ಹಾಕಿದರೆ ಅದೇ ವಿನ್ಯಾಸದಲ್ಲಿ ಇಂಗ್ಲಿಷ್ ಪಿಡಿಎಫ್ ವಾಪಸ್ ಬರುತ್ತದೆ, ಶಾಲೆ ಪಾಠಗಳಿಗೆ ಅಂತಲೇ ಬೇರೆ ಆಯ್ಕೆಯೂ ಇದೆ. ಕೆಲಸ ಬೇಗ ಆಗುತ್ತದೆ, ನಿಜ.

ಆ ಹಾಳೆಗಳಲ್ಲಿ ಪದೇ ಪದೇ ಬರುವ ಸೂಚನೆ 'ಆರ್ಮಿ ಇ ಎಫೆತುಯಿ'. ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಲೆಕ್ಕ ಮಾಡಿ ಅಂತ, ಅಷ್ಟೇ. ಇವರು ಕೊಟ್ಟಿದ್ದು 'ಆರ್ಮ್ ಅಂಡ್ ಎಫೆಕ್ಟ್'. ಮಕ್ಕಳ ಕೈಗೆ ಪೆನ್ಸಿಲ್ ಕೊಡಬೇಕೋ ಬಂದೂಕು ಕೊಡಬೇಕೋ! 'ಸೆಟ್ ಅಪ್ ಅಂಡ್ ಸಾಲ್ವ್' ಅಂದಿದ್ದರೆ ಮುಗಿದಿತ್ತು.

ಒಂದು ಲೆಕ್ಕ ಪೂರ್ತಿ ನೋಡಿ. 348 + 275. 8ಕ್ಕೆ 5 ಕೂಡಿದರೆ 13, 3 ಬರೆದು ದಶಕ 1. ಅಲ್ಲಿನ ಟೀಚರ್ ಇದಕ್ಕೆ 'ವಾಯ್ ಉಂ' ಅಂತಾರೆ, ಇಂಗ್ಲಿಷ್ ತರಗತಿಯಲ್ಲಿ 'ಕ್ಯಾರಿ ದ ಒನ್'. ಇವರದ್ದು 'ಗೋಸ್ ಒನ್'. ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ಉತ್ತರ 623 ಬಂದ ಮೇಲೆ 'ಪ್ರೋವ ಹೆಯಾಲ್' ಮಾಡಿ ಅಂತ ಇದೆ, ಅಂದರೆ 623ರಲ್ಲಿ 275 ಕಳೆದು 348 ಬರುತ್ತಾ ನೋಡೋದು. ಅದು 'ರಿಯಲ್ ಪ್ರೂಫ್' ಆಗಿ ಕೂತಿದೆ. ಅದರ ಕೆಳಗೆ 'ನೋವಿಸ್ ಫೋರ' ತಾಳೆ: 348ರ ಅಂಕಿ ಕೂಡಿದರೆ 15, ಮತ್ತೆ ಕೂಡಿದರೆ 6. 275ರದ್ದು 5. ಎರಡೂ ಸೇರಿ 11, ಅಂದರೆ 2. 623ರದ್ದೂ 2, ತಾಳೆ ಆಯ್ತು. (632 ಅಂತ ಅಂಕಿ ಅದಲು ಬದಲು ಬರೆದಿದ್ದರೂ ತಾಳೆ ಆಗುತ್ತಿತ್ತು, ಅದು ಬೇರೆ ಮಾತು.) ಇಂಗ್ಲಿಷ್‌ನಲ್ಲಿ ಇದಕ್ಕೆ 'ಕಾಸ್ಟಿಂಗ್ ಔಟ್ ನೈನ್ಸ್' ಅಂತ ಹೆಸರೇ ಇದೆ. ಇವರ 'ನೈನ್ಸ್ ಔಟ್‌ಸೈಡ್' ಓದಿದರೆ ಯಾರಿಗೂ ಅರ್ಥ ಆಗಲ್ಲ.

ಇದೆಲ್ಲ ನಕ್ಕು ತಿದ್ದಿಕೊಳ್ಳಬಹುದು. ನಗು ಬರದೇ ಇದ್ದದ್ದು ಅಂಕಿಗಳ ವಿಷಯದಲ್ಲಿ. ಬ್ರೆಜಿಲ್‌ನಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ಅಲ್ಲಿನ 1.250 ಅಂದರೆ ಸಾವಿರದ ಇನ್ನೂರೈವತ್ತು. ಇವರು ಪದಗಳನ್ನೆಲ್ಲ ಬದಲಿಸಿ ಅಂಕಿಯನ್ನು ಇದ್ದ ಹಾಗೇ ಬಿಟ್ಟಿದ್ದಾರೆ, ಇಂಗ್ಲಿಷ್ ಓದೋ ಮಗು ಅದನ್ನು ಒಂದೂಕಾಲು ಅಂತಲೇ ಓದುತ್ತೆ ಅಲ್ವಾ? ಭಾಗಾಕಾರದ ಚಿತ್ರವೂ ಹಾಗೇ ಉಳಿದಿದೆ. 96ನ್ನು 4ರಿಂದ ಭಾಗಿಸುವಾಗ ಅಲ್ಲಿ ಎಡಕ್ಕೆ 96, ಬಲಕ್ಕೆ 'ಶಾವಿ' (ಪದಶಃ ಅರ್ಥ ಕೀಲಿಕೈ) ಅನ್ನೋ ಗೆರೆಯೊಳಗೆ 4, ಅದರ ಕೆಳಗೆ 24. ಅಮೆರಿಕದಲ್ಲಿ 4 ಎಡಕ್ಕೆ, 24 ಮೇಲೆ. ಚಿತ್ರ ಬೇರೆ ಬರೆಯಬೇಕು, ಇಲ್ಲಾ ಒಂದು ಸಾಲು ಟಿಪ್ಪಣಿ ಹಾಕಬೇಕು. ಇವರು ಗೆರೆಗೆ 'ಕೀ' ಅಂತ ಹೆಸರಿಟ್ಟು ಸುಮ್ನಾಗಿದ್ದಾರೆ.

ಚೆನ್ನಾಗಿರೋದೂ ಇದೆ. ಮಗ್ಗಿ, ಲ.ಸಾ.ಅ., ಬಿಡಿ-ಹತ್ತು-ನೂರು ಎಲ್ಲ ಸರಿಯಾಗಿ ಬಂದಿವೆ. ಕಥೆ ರೂಪದ ಲೆಕ್ಕಗಳಂತೂ ಇಂಗ್ಲಿಷ್‌ನಲ್ಲೇ ಬರೆದ ಹಾಗಿವೆ. ಮ.ಸಾ.ಅ.ಗೆ ಮಾತ್ರ ಬ್ರಿಟಿಷ್ ಇಂಗ್ಲಿಷ್ ಆರಿಸಿದರೂ ಎಚ್‌ಸಿಎಫ್ ಬರಲಿಲ್ಲ, ಅಮೆರಿಕದವರ ಜಿಸಿಎಫ್ ಅಂತಲೇ ಬಂತು.

ಪೋರ್ಚುಗಲ್‌ನ ಹಾಳೆ ಹಾಕೋರು ಇನ್ನೂ ಜಾಸ್ತಿ ಹುಷಾರಾಗಿರಿ. ಭಾಷೆ ಆರಿಸುವ ಕಡೆ ಬರೀ 'ಪೋರ್ಚುಗೀಸ್' ಅಂತ ಒಂದೇ ಇದೆ. ಬ್ರೆಜಿಲ್‌ನ 'ಬಿಲ್ಯಾಂವ್' ನೂರು ಕೋಟಿ, ಪೋರ್ಚುಗಲ್‌ನ 'ಬಿಲಿಯಾಂವ್' ಲಕ್ಷ ಕೋಟಿ.

ನಮ್ಮದೇ ಪದಪಟ್ಟಿ ಹಾಕೋ ಸೌಲಭ್ಯ ಇದೆ, ದುಡ್ಡು ಕಟ್ಟಿದವರು ಮೊದಲು ಅದನ್ನು ಬಳಸಿ. 'ವಾಯ್ ಉಂ' ಹಾಕಿದ ಮೇಲೆ ಅದು ಸರಿಯಾಗಿ ಬಂತು. ಆದರೆ ವಾಕ್ಯದ ಶುರುವಿನಲ್ಲಿ ದೊಡ್ಡಕ್ಷರದಲ್ಲಿ ಬಂದರೆ ಪಟ್ಟಿಗೆ ಸಿಗಲ್ಲ, ಹಾಗಾಗಿ ಎರಡೂ ಥರ ಸೇರಿಸಿ.