ಗುಳೆ ಹೋಗುವಾಗ ಮಗು ಎಲ್ಲಿ ಕಲಿಯಲಿ?

ದೇವದುರ್ಗ ಕಡೆಯ ತಾಯಿಯೊಬ್ಬಳು ಕೇಳಿದಳು: ‘ಅಕ್ಕಾ, ಬೆಂಗಳೂರಿಗೆ ಗುಳೆ ಹೊಂಟೀವಿ. ಮಗನ್ನ ನಮ್ಮವ್ವನ ಹತ್ರ ಬಿಡಲೇನು, ಕರಕೊಂಡು ಹೋಗಲೇನು, ವಸತಿ ಶಾಲಿಗೆ ಹಾಕಲೇನು?’

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಸರ್ಕಾರಿ ಶಾಲೆ ಎಲ್ಲಿದ್ದರೂ ಉಚಿತ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಊಟ, ವಸತಿಯೂ ಉಚಿತ.

ಸೀಟಿನ ಖಾತ್ರಿಯೇ ಬೇರೆ ಮಾತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಹತ್ತಿರದ ಶಾಲೆಯ ಹಕ್ಕು ಕೊಟ್ಟಿದೆ. ವರ್ಷದ ನಡುವೆ ಹೋದರೂ ಸೇರಿಸಿಕೊಳ್ಳಬೇಕು. ಟಿ.ಸಿ. ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ನಡುವೆ ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಇದನ್ನು ಗಟ್ಟಿಯಾಗಿ ಕೇಳಿ, ಅಂಜಬೇಡಿ. ವಸತಿ ಶಾಲೆಗೆ ಮಾತ್ರ 6ನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಸೀಟು ಸಿಕ್ಕೇ ಸಿಗುತ್ತದೆಂದಿಲ್ಲ. ಸಿಕ್ಕರೆ ಹತ್ತನೆಯವರೆಗೂ ನಿಶ್ಚಿಂತೆ.

ಅಜ್ಜಿಗೆ ಕೈಕಾಲು ಗಟ್ಟಿಯಿದ್ದು, ನೀವು ಸುಗ್ಗಿಗೆ ಮರಳುವವರಾದರೆ ಊರಿನ ಶಾಲೆಯೇ ಇರಲಿ. ಮಗು ಸಣ್ಣದಿದ್ದು ಒಂದೇ ಕಡೆ ವರ್ಷಗಟ್ಟಲೆ ಕೆಲಸವಿದ್ದರೆ ಜೊತೆಗೆ ಕರೆದೊಯ್ಯಿರಿ. ಐದನೇ ತರಗತಿಯಲ್ಲಿದ್ದು, ನೀವು ತಿಂಗಳಿಗೊಂದು ಕಡೆ ಅಲೆಯುವವರಾದರೆ ಪರೀಕ್ಷೆ ಬರೆಸಿ. ಕೆಲಸದ ಜಾಗದ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳಲೆಂದು ಅಕ್ಕನನ್ನು ಮಾತ್ರ ಶಾಲೆ ಬಿಡಿಸಬೇಡಿ, ತಾಯೀ.