ಜೋಡಣೆ ಮೇಜಿಗೆ ಬಂದ ಸಹಾಯಕ ವ್ಯವಸ್ಥೆ: ಪೀಣ್ಯದ ಘಟಕವೊಂದರಿಂದ ವಿಮರ್ಶೆ

ಕೈಯಿಂದ ಜೋಡಣೆ ಮಾಡುವವರಿಗೆ ಹಂತಹಂತವಾಗಿ ದಾರಿ ತೋರಿಸುವ ಸಹಾಯಕ ವ್ಯವಸ್ಥೆಯೊಂದನ್ನು ಪೀಣ್ಯದ ನಮ್ಮ ಘಟಕದ ಮೇಜುಗಳಿಗೆ ಅಳವಡಿಸಿ ಸಾಕಷ್ಟು ಕಾಲವಾಗಿದೆ. ಅದರಲ್ಲಿ ನಾಲ್ಕು ಅಂಗಗಳಿವೆ: ಬಿಡಿಭಾಗಗಳ ಬಿನ್‌ಗಳಿಗೆ ಹಾಕಿದ ದೀಪಗಳು, ಸ್ಕ್ರೂವಿನ ಬಿಗಿತವನ್ನು ಅಳೆಯುತ್ತಾ ಬಿಗಿಯುವ, ಕಂಪ್ಯೂಟರಿಗೆ ಜೋಡಿಸಿದ ಟಾರ್ಕ್ ಡ್ರೈವರ್, ಮೇಲಿನಿಂದ ಚಿತ್ರ ಬೀಳಿಸುವ ಪ್ರೊಜೆಕ್ಟರ್ ಮತ್ತು ಕೈಗಳ ಚಲನೆಯನ್ನು ನೋಡುವ ಆಳ ಅಳೆಯುವ ಕ್ಯಾಮೆರಾ. ಮೊದಲೆರಡು ಕೊಟ್ಟ ಹಣಕ್ಕೆ ಪೂರ್ತಿ ಬಾಳುತ್ತವೆ. ಉಳಿದೆರಡನ್ನು ಸಣ್ಣ ಕಾರ್ಖಾನೆಗಳು ಅವಸರದಲ್ಲಿ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾವು ಜೋಡಿಸುವುದು ಮೂರು ಫೇಸ್ ಪಂಪ್ ಮೋಟಾರುಗಳ ಸ್ಟಾರ್ಟರ್ ಪ್ಯಾನೆಲ್. ಹೊರಗಿನ ಪೆಟ್ಟಿಗೆ ಒಂದೇ ಆದರೂ ಒಳಗಿನ ಭಾಗಗಳು ಅಶ್ವಶಕ್ತಿಗೆ ತಕ್ಕಂತೆ ಬದಲಾಗುತ್ತವೆ. 415 ವೋಲ್ಟ್‌ನಲ್ಲಿ 5 ಎಚ್‌ಪಿ ಮೋಟಾರು ಸುಮಾರು 7 ಆಂಪಿಯರ್ ಎಳೆದರೆ 3 ಎಚ್‌ಪಿ ಮೋಟಾರು 5ರ ಆಸುಪಾಸಿನಲ್ಲಿ ಎಳೆಯುತ್ತದೆ. ಹೊರೆ ಹೆಚ್ಚಾದಾಗ ಟ್ರಿಪ್ ಆಗಿ, ಅಂದರೆ ವಿದ್ಯುತ್ ಕಡಿದು, ಮೋಟಾರನ್ನು ಕಾಯಲು ಇವೆರಡಕ್ಕೂ ಹಾಕುವ ಓವರ್‌ಲೋಡ್ ರಿಲೇಗಳು ನೋಟಕ್ಕೆ ಅವಳಿ ಮಕ್ಕಳಂತಿರುತ್ತವೆ, ವ್ಯತ್ಯಾಸವಿರುವುದು ಮೈಮೇಲೆ ಅಚ್ಚಾದ ಸಣ್ಣ ಅಂಕಿಗಳಲ್ಲಿ ಮಾತ್ರ. ಸಣ್ಣ ಮೋಟಾರಿಗೆ ದೊಡ್ಡ ರಿಲೇ ಕೂತರೆ ಹೊರೆ ಹೆಚ್ಚಾದಾಗ ಅದು ಟ್ರಿಪ್ ಆಗುವುದಿಲ್ಲ. ತಪ್ಪು ನಡೆಯುವುದು ಪೀಣ್ಯದ ಮೇಜಿನ ಮೇಲಾದರೂ ವೈಂಡಿಂಗ್ ಸುಡುವುದು ಶಿರಾದಲ್ಲೋ ಕೋಲಾರದಲ್ಲೋ ಒಬ್ಬ ರೈತನ ಕೊಳವೆಬಾವಿಯಲ್ಲಿ, ಅದೂ ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿ.

ಬಿನ್ ದೀಪಗಳು ತಡೆಯುವುದು ಈ ತಪ್ಪನ್ನೇ. ಪ್ಯಾನೆಲ್ಲಿನ ಬಾರ್‌ಕೋಡ್ ಓದಿಸಿದ ಕೂಡಲೇ ಬೇಕಾದ ಬಿನ್ನಿನ ಮೇಲೆ ಹಸಿರು ದೀಪ ಬೆಳಗುತ್ತದೆ, ಕೈ ಬೇರೆ ಬಿನ್ನಿಗೆ ಹೋದರೆ ಸೆನ್ಸರ್ ಅದನ್ನು ಹಿಡಿದು ಕೆಂಪು ದೀಪ ತೋರಿಸುತ್ತದೆ. ಈ ವಿಚಾರ ಹೊಸದೇನಲ್ಲ. 1961ರಲ್ಲಿ ಜಪಾನಿನ ಶಿಗೆಯೋ ಶಿಂಗೋ ಅವರು, ಸ್ವಿಚ್ ಜೋಡಿಸುವವರು ಎರಡು ಸ್ಪ್ರಿಂಗ್‌ಗಳಲ್ಲಿ ಒಂದನ್ನು ಮರೆಯುತ್ತಿದ್ದುದನ್ನು ಕಂಡು, ಕೆಲಸ ಶುರುಮಾಡುವ ಮೊದಲು ಎರಡನ್ನೂ ಒಂದು ಚಿಕ್ಕ ತಟ್ಟೆಯಲ್ಲಿ ಇಟ್ಟುಕೊಳ್ಳುವಂತೆ ಮಾಡಿದರು. ಕೊನೆಯಲ್ಲಿ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತದ್ದು ಆಗಲೇ ತಿಳಿಯುತ್ತಿತ್ತು. ಆದ್ದರಿಂದ ಇಂಥ ವ್ಯವಸ್ಥೆಗೆ ಹಣ ಹಾಕುವ ಮೊದಲು, ತಟ್ಟೆಯೊಂದರಿಂದಲೇ ನೀಗುವ ತಪ್ಪುಗಳು ಎಷ್ಟಿವೆ ಎಂದು ಪ್ರತಿಯೊಬ್ಬ ಮಾಲೀಕರೂ ನೋಡಬೇಕು. ದೀಪಕ್ಕೂ ಒಂದು ಮಿತಿಯಿದೆ: ಬಿನ್ ತುಂಬುವವರು ತಪ್ಪು ರಿಲೇ ಸುರಿದಿದ್ದರೆ ಅದು ಧೈರ್ಯವಾಗಿ ತಪ್ಪು ಭಾಗವನ್ನೇ ತೋರಿಸುತ್ತದೆ. ಬಿನ್ ತುಂಬುವಾಗಲೂ ಬಾರ್‌ಕೋಡ್ ಓದಿಸುವುದನ್ನು ಕಡ್ಡಾಯ ಮಾಡಲೇಬೇಕು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಟಾರ್ಕ್ ಡ್ರೈವರ್. ಮೋಟಾರಿಗೆ ವಿದ್ಯುತ್ ಹರಿಸುವ, ನಿಲ್ಲಿಸುವ ಸ್ವಿಚ್ಚುಗಳಾದ ಸಣ್ಣ ಕಾಂಟ್ಯಾಕ್ಟರ್‌ಗಳ ಟರ್ಮಿನಲ್ ಸ್ಕ್ರೂಗೆ ತಯಾರಕರು ಸಾಮಾನ್ಯವಾಗಿ 1ರಿಂದ 2 ನ್ಯೂಟನ್ ಮೀಟರ್ ನಡುವಿನ ಬಿಗಿತವನ್ನು ಸೂಚಿಸುತ್ತಾರೆ. ಲೂಸಾಗಿ ಬಿಟ್ಟರೆ ಆ ಜಾಗ ಬಿಸಿಯಾಗಿ ಕ್ರಮೇಣ ಕರಕಲಾಗುತ್ತದೆ, ಅತಿಯಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ. ಸಾಮಾನ್ಯ ಕ್ಲಚ್ ಡ್ರೈವರ್ ನಿಗದಿತ ಬಿಗಿತಕ್ಕೆ ಬಂದಾಗ ನಿಲ್ಲುತ್ತದೆಯೇ ಹೊರತು ಹೇಗೆ ಬಂತು ಎಂಬುದನ್ನು ಹೇಳುವುದಿಲ್ಲ. ನಮ್ಮ ಟಾರ್ಕ್ ಡ್ರೈವರ್ ಬಿಗಿತದ ಜೊತೆಗೆ ಸ್ಕ್ರೂ ಎಷ್ಟು ಡಿಗ್ರಿ ತಿರುಗಿತು ಎಂಬುದನ್ನೂ ಅಳೆಯುತ್ತದೆ. ಬೇಗನೆ ಬಿಗಿತ ಬಂದರೆ ಥ್ರೆಡ್ ಅಡ್ಡ ಹಿಡಿದಿದೆ ಎಂದರ್ಥ, ಎಷ್ಟು ತಿರುಗಿದರೂ ಬಾರದಿದ್ದರೆ ಥ್ರೆಡ್ ಸವೆದಿದೆ. ಇವೆರಡಕ್ಕಿಂತ ಮುಖ್ಯವಾದದ್ದು, ವೈರ್ ಕ್ಲ್ಯಾಂಪಿನ ಒಳಗೆ ಸೇರದೆ ಹೊರಗೇ ಉಳಿದಿದ್ದರೆ ಸ್ಕ್ರೂ ಹೆಚ್ಚು ದೂರ ಇಳಿಯುವುದರಿಂದ ಆ ತಪ್ಪು ಕೂಡ ಕೋನದಲ್ಲೇ ಸಿಕ್ಕಿಬೀಳುತ್ತದೆ. ಕಣ್ಣಿಗೆ ಕಾಣದ, ಟೆಸ್ಟ್ ಬೆಂಚಿನಲ್ಲೂ ಒಮ್ಮೊಮ್ಮೆ ಪಾಸಾಗಿಬಿಡುವ ಇಂಥ ದೋಷ ಮೇಜಿನ ಮೇಲೆಯೇ ನಿಲ್ಲುವುದು ದೊಡ್ಡ ಸಂಗತಿ. ಸರಿಯಾದ ಮಿತಿಗಳನ್ನು ಕಂಡುಕೊಳ್ಳಲು ವೈರಿನ ಪ್ರತಿ ಅಳತೆಗೂ, ವೈರಿನ ತುದಿಗೆ ತೊಡಿಸುವ ಲೋಹದ ಕೊಳವೆಯಾದ ಫೆರೂಲ್ ಇರುವಾಗ ಒಂದು, ಇಲ್ಲದಿರುವಾಗ ಇನ್ನೊಂದು ಎಂಬಂತೆ, ತಾಳ್ಮೆಯಿಂದ ಪ್ರಯೋಗ ಮಾಡಬೇಕಾಗುತ್ತದೆ. ಈ ಕೆಲಸವನ್ನು ಮಾರಾಟಗಾರರಿಗೆ ಬಿಡದೆ ನಾವೇ ಮಾಡಿಕೊಳ್ಳುವುದು ಒಳ್ಳೆಯದು.

ಪ್ರೊಜೆಕ್ಟರ್ ಮತ್ತು ಕ್ಯಾಮೆರಾಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕೆಲಸದ ಮೇಲೆಯೇ ಸೂಚನೆ ಮೂಡಿಸುವ ಕನಸು ಹಳೆಯದು. ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ವಿಮಾನಗಳ ವೈರ್ ಕಟ್ಟುಗಳನ್ನು ಜೋಡಿಸುವವರಿಗಾಗಿ ತಲೆಗೆ ಧರಿಸುವ ಪರದೆಯ ಕುರಿತು 1992ರಲ್ಲೇ ಬರೆದಿದ್ದರು. ಕನ್ನಡಕದ ದಾರಿ ಇಂದಿಗೂ ನೆಲೆ ನಿಂತಿಲ್ಲ, ಮೈಕ್ರೋಸಾಫ್ಟ್ ತನ್ನ ಹೊಲೊಲೆನ್ಸ್ 2 ಎಂಬ ಇಂಥ ಕನ್ನಡಕದ ಉತ್ಪಾದನೆಯನ್ನು 2024ರಲ್ಲಿ ನಿಲ್ಲಿಸಿತು. ಪ್ರೊಜೆಕ್ಟರಿನಲ್ಲಿ ತಲೆಗೆ ಭಾರವಿಲ್ಲವೆಂಬುದು ನಿಜ, ಆದರೆ ನಮ್ಮ ಶೆಡ್ಡಿನ ಮೇಲ್ಛಾವಣಿಯ ಪಾರದರ್ಶಕ ಶೀಟುಗಳಿಂದ ಮಧ್ಯಾಹ್ನ ಬಿಸಿಲು ಇಳಿದಾಗ ಚಿತ್ರ ಮಾಸುತ್ತದೆ. ಪ್ಯಾನೆಲ್ಲಿನ ಭಾಗಗಳನ್ನು ಕೂರಿಸುವ ಹೊಳೆಯುವ ಲೋಹದ ಪಟ್ಟಿಯಾದ ಡಿನ್ ರೈಲಿನ ಮೇಲೆ ಕ್ಯಾಮೆರಾ ತಡವರಿಸುತ್ತದೆ. ಪರದೆಯ ಮೇಲೆ ದೊಡ್ಡದಾಗಿ ತೋರುವ ಒಂದು ಸ್ಪಷ್ಟ ಫೋಟೋ ಇವೆರಡಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಹೊಸದಾಗಿ ಸೇರಿದವರಿಗೆ ಈ ವ್ಯವಸ್ಥೆ ನಿಜವಾದ ಆಸರೆ. ಅಕ್ಕಪಕ್ಕದವರನ್ನು ಪದೇಪದೇ ಕೇಳುವ ಸಂಕೋಚವಿಲ್ಲದೆ ಅವರು ಬೇಗ ಸ್ವತಂತ್ರರಾಗುತ್ತಾರೆ. ಅನುಭವಿಗಳ ವಿಷಯ ಬೇರೆ. ನಮ್ಮಲ್ಲಿ ಬಹುಕಾಲದಿಂದ ವೈರಿಂಗ್ ಮಾಡುತ್ತಿರುವ ಹಿರಿಯ ಮಹಿಳೆಯೊಬ್ಬರು, "ನನ್ನ ಕೈ ಮುಂದೆ ಹೋಗಿರುತ್ತೆ ಸರ್, ದೀಪ ಹಿಂದೆ ಬರುತ್ತೆ" ಎಂದರು. ಅವರ ಮಾತು ಸರಿ. ಪ್ರತಿ ಹಂತಕ್ಕೂ ಒಪ್ಪಿಗೆಯ ಗುಂಡಿ ಒತ್ತಿಸುವ ಕ್ರಮ ಬಲ್ಲವರ ಲಯವನ್ನು ಮುರಿಯುತ್ತದೆ. ಲಾಗಿನ್‌ಗೆ ತಕ್ಕಂತೆ ಸೂಚನೆಗಳನ್ನು ಕಡಿಮೆ ಮಾಡಿ, ರಿಲೇ ಆಯ್ಕೆ ಮತ್ತು ಟಾರ್ಕ್ ತಪಾಸಣೆಯನ್ನಷ್ಟೇ ಉಳಿಸಿಕೊಂಡ ಮೇಲೆ ಅವರೂ ಒಪ್ಪಿದರು. ಈ ಸೌಲಭ್ಯವಿಲ್ಲದ ವ್ಯವಸ್ಥೆಯನ್ನು ಯಾರೂ ಕೊಳ್ಳಬಾರದು.

ಸೂಚನೆಗಳನ್ನು ಬರೆಯುವುದೇ ಇಲ್ಲಿ ದೊಡ್ಡ ಕೆಲಸ. ಕಲಬುರಗಿ, ರಾಯಚೂರು, ಒಡಿಶಾ, ಬಿಹಾರಗಳಿಂದ ಬಂದವರು ಒಂದೇ ಸಾಲಿನಲ್ಲಿ ಕೂರುವ ಕಾರಣ ಚಿತ್ರ ಮುಂದಿರಬೇಕು, ಅದರ ಕೆಳಗೆ ಓದುವವರ ಭಾಷೆಯಲ್ಲಿ ಒಂದೇ ಸಾಲು ಸಾಕು. ಮಾರಾಟಗಾರರು ಕೊಟ್ಟ ಸಾಫ್ಟ್‌ವೇರಿನಲ್ಲಿ ಕನ್ನಡದ ಒತ್ತಕ್ಷರಗಳು ಆರಂಭದಲ್ಲಿ ಒಡೆದು ಕಾಣುತ್ತಿದ್ದವು, ಸರಿಪಡಿಸಲು ಅವರು ತೆಗೆದುಕೊಂಡ ಕಾಲ ನಿರಾಶೆ ತಂದಿತು. ಬೆಂಗಳೂರಿನಲ್ಲಿ ಮಾರುವ ಉಪಕರಣದಲ್ಲಿ ಕನ್ನಡ ಮೊದಲ ದಿನದಿಂದಲೇ ಸರಿಯಾಗಿ ಮೂಡಬೇಕು.

ಇನ್ನೊಂದು ಆತಂಕವನ್ನು ಮುಚ್ಚಿಡಲಾರೆ. ಯಾರು ಯಾವ ಸ್ಕ್ರೂಗೆ ಎಷ್ಟು ಕ್ಷಣ ತೆಗೆದುಕೊಂಡರು ಎಂಬ ಲೆಕ್ಕವೆಲ್ಲ ಇದರಲ್ಲಿ ದಾಖಲಾಗುತ್ತದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ದೇಶದಲ್ಲಿ ಕಾಯ್ದೆ ಬಂದಿದೆ. ಕಾಯ್ದೆ ಏನೇ ಇರಲಿ, ಆ ಅಂಕಿಗಳನ್ನು ಒಬ್ಬೊಬ್ಬರ ಇನ್ಸೆಂಟಿವ್‌ಗೆ ಜೋಡಿಸುವುದು ಅನ್ಯಾಯ. ಹಾಗೆ ಜೋಡಿಸಿದ ದಿನವೇ ಸಹಾಯಕ್ಕೆ ಬಂದದ್ದು ಕಾವಲಾಗುತ್ತದೆ, ಜನ ತಮ್ಮ ತಪ್ಪನ್ನು ಹೇಳುವುದನ್ನು ಬಿಡುತ್ತಾರೆ. ನಮ್ಮಲ್ಲಿ ಸಮಯದ ದಾಖಲೆಯಿಂದ ಹೆಸರು ತೆಗೆಸಿ, ಯಾವ ಹಂತ ಎಲ್ಲರಿಗೂ ಕಷ್ಟವಾಗುತ್ತಿದೆ ಎಂದು ತಿಳಿಯುವುದಕ್ಕಷ್ಟೇ ಬಳಸುತ್ತಿದ್ದೇವೆ.

ಕೊಳ್ಳುವವರು ಡೆಮೊವನ್ನು ಮಾರಾಟಗಾರರ ಕಚೇರಿಯಲ್ಲಿ ನೋಡಿ ತೃಪ್ತಿಪಡದೆ ತಮ್ಮದೇ ಪ್ಯಾನೆಲ್ ಒಯ್ದು ಮಾಡಿಸಬೇಕು. ಟಾರ್ಕ್ ಉಪಕರಣಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಓಪನ್ ಪ್ರೋಟೋಕಾಲ್ ಎಂಬ ಸಂಪರ್ಕ ಭಾಷೆಯಲ್ಲಿ ಈ ವ್ಯವಸ್ಥೆ ಮಾತಾಡುತ್ತದೆಯೇ ಎಂದು ಕೇಳಬೇಕು, ಇಲ್ಲವಾದರೆ ನಾಳೆ ಡ್ರೈವರನ್ನೂ ಅವರಲ್ಲೇ ಕೊಳ್ಳಬೇಕಾಗುತ್ತದೆ. ಡೆಮೊ ನಡೆಯುತ್ತಿರುವಾಗ ಒಮ್ಮೆ ಪ್ಲಗ್ ಕಿತ್ತು ಮತ್ತೆ ಹಾಕಿಸಿ. ನಿಂತ ಹಂತದಿಂದಲೇ ಕೆಲಸ ಮುಂದುವರಿಯದಿದ್ದರೆ ಯುಪಿಎಸ್ ಖರ್ಚನ್ನೂ ಸೇರಿಸಿಕೊಂಡೇ ಬೆಲೆ ಮಾತಾಡಿ.