ನೂರು ಕಾರ್ಡಿನ ಇಂಗ್ಲಿಷ್ ಡಬ್ಬಿ: ತರಗತಿಗೆ ಕೊಳ್ಳಬಹುದೇ?

ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ, ದಿನಬಳಕೆಯ ಇಂಗ್ಲಿಷ್ ಪದಗಳ ಚಿತ್ರಕಾರ್ಡಿನ ಡಬ್ಬಿ ಮನೆಗಾದರೆ ಧಾರಾಳ ಸಾಕು. ಕನ್ನಡ ಮಾಧ್ಯಮದ ಎರಡು-ಮೂರನೇ ತರಗತಿಗೆ ಮಾತ್ರ ಹಾಗೇ ಒಯ್ದರೆ ಕೆಲಸ ಕೆಡುತ್ತದೆ.

ಕಾರ್ಡು ಅಂಗೈಯಗಲ. ಹಿಂದಿನ ಸಾಲಿಗೆ ಚಮಚ ಯಾವುದು, ಸೌಟು ಯಾವುದು ಗೊತ್ತಾಗದು. ಎತ್ತಿ ತೋರಿಸಲು ಎ4 ಹಾಳೆಯ ಅರ್ಧದಷ್ಟಾದರೂ ಬೇಕು. ಮೇಲಿನ ಲ್ಯಾಮಿನೇಶನ್ ಕಿಟಕಿಯ ಬೆಳಕಿಗೆ ಹೊಳೆಯುತ್ತದೆ, ತುಸು ಮುಂದಕ್ಕೆ ಬಾಗಿಸಿ ಹಿಡಿಯಿರಿ.

ದೊಡ್ಡ ಕೊರತೆ ಬೇರೆಯೇ: ಚಿತ್ರದ ಕೆಳಗೇ ಪದ ಅಚ್ಚಾಗಿದೆ. ಓದಬಲ್ಲವರು ಚಿತ್ರ ನೋಡದೆ ಅಕ್ಷರ ಓದಿ ಹೇಳುತ್ತಾರೆ, ಉಳಿದವರು ಅವರ ಹಿಂದೆ ದನಿಗೂಡಿಸುತ್ತಾರೆ. ಪದದ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ, ಹಿಂಬದಿಗೆ ಮಾರ್ಕರಿನಲ್ಲಿ ಬರೆದುಕೊಳ್ಳಿ.

ಪದಗಳ ಆಯ್ಕೆಯೂ ಅಷ್ಟಕ್ಕಷ್ಟೇ. ಇಗ್ಲೂ, ಟೋಸ್ಟರ್ ಇವೆ. ಪೊರಕೆ, ಮುಚ್ಚಳ, ಚಿಲಕ, ದಿಂಬು ಇಲ್ಲ. ಬಸ್ಸು, ಪೆನ್ನು, ಫ್ಯಾನು ಮಕ್ಕಳ ಬಾಯಲ್ಲಿ ಆಗಲೇ ಇವೆ. ಆದರೂ ಅವನ್ನು ತೆಗೆದಿಡಬೇಡಿ, ಕೊನೆಯ ಉಕಾರ ಬಿಡಿಸುವ (‘ಬಸ್ಸು’ ಅಲ್ಲ, ‘ಬಸ್’) ಉಚ್ಚಾರಣೆಗೆ ಬೇಕಾಗುತ್ತವೆ. ಕ್ರಿಯಾಪದ ಒಂದೂ ಇಲ್ಲ, ಅದೇನೂ ನಷ್ಟವಲ್ಲ: ಸುರಿ, ಮಡಚು, ತೊಳೆ ಕಲಿಸಲು ಒಂದು ಚೊಂಬು ನೀರು, ಒಂದು ಟವೆಲ್ಲು ಸಾಕು.

ಜೊತೆಗಿರುವ ಚೀಟಿಯ ಆಟಗಳಲ್ಲಿ ‘ಯಾವುದು ಮಾಯ’ ನಿಜಕ್ಕೂ ಚೆನ್ನಾಗಿದೆ. ಚೀಟಿ 12 ಕಾರ್ಡು ಇಡಲು ಹೇಳುತ್ತದೆ, ಅದು ಅತಿಯಾಯಿತು. ಆರು ಇಡಿ. ಎರಡು ಸಲ ಹೆಸರು ಹೇಳಿಸಿ, ಕಣ್ಣು ಮುಚ್ಚಿಸಿ, ಒಂದನ್ನು ತೆಗೆಯಿರಿ. ಕೂಡಲೇ ಉತ್ತರ ಕೇಳಬೇಡಿ. ಮೊದಲು ಪಕ್ಕದವರ ಕಿವಿಯಲ್ಲಿ ಹೇಳಲಿ. ಇಲ್ಲದಿದ್ದರೆ ದಿನವೂ ಅದೇ ಮೂವರು ಕೂಗುತ್ತಾರೆ, ಮಿಕ್ಕವರು ಬಾಯಿ ಆಡಿಸುತ್ತಾರೆ. ಆಮೇಲೆ ಎರಡು ಕಾರ್ಡು ತೆಗೆಯಿರಿ, ಜಾಗ ಅದಲುಬದಲು ಮಾಡಿ. ಮರುದಿನ ಅವೇ ಆರು, ಜೊತೆಗೆ ಹೊಸ ಎರಡು.

‘ಓಡಿ ಮುಟ್ಟು’ ಆಟದಲ್ಲಿ ಇಬ್ಬರು ಓಡುತ್ತಾರೆ, ಉಳಿದ ಮೂವತ್ತು ಚಿಲ್ಲರೆ ಮಕ್ಕಳು ಗದ್ದಲ ಮಾಡುತ್ತಾರೆ. ಓಟ ಬಿಡಿ. ಐದೈದು ಮಕ್ಕಳ ಗುಂಪಿಗೆ ಬೇರೆ ಬೇರೆ ಆರು ಕಾರ್ಡು ನೆಲದ ಮೇಲೆ ಹರಡಿ, ಒಬ್ಬರು ಪದ ಹೇಳಲಿ, ಉಳಿದವರು ಮುಟ್ಟಲಿ. ಐದು ನಿಮಿಷಕ್ಕೊಮ್ಮೆ ಕಾರ್ಡುಗಳು ಪಕ್ಕದ ಗುಂಪಿಗೆ ಹೋಗಲಿ. ಮಕ್ಕಳನ್ನು ಗುಂಪಿನಲ್ಲೇ ಕೂರಿಸಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಕೊಠಡಿಗೆ ಇದು ಸರಾಗ, ಕಾರ್ಡಿನ ಸಣ್ಣ ಗಾತ್ರವೂ ಇಲ್ಲಿ ಅನುಕೂಲವೇ.

ಡಬ್ಬಿಯ ಮುಚ್ಚಳ ಬೇಗ ಹರಿಯುತ್ತದೆ. ರಬ್ಬರ್ ಬ್ಯಾಂಡ್ ಬಿಗಿದರೆ ಕಾರ್ಡು ಬಾಗಿ, ನೆಲದಲ್ಲಿ ಸಮನಾಗಿ ಕೂರುವುದಿಲ್ಲ. ವಿಷಯವಾರು ಜಿಪ್ ಕವರಿನಲ್ಲಿಡಿ.